ಒಡಪು ಹೇಳಿ ಓದಿದ ಪಾಠ

ನನ್ನ ಮದುವೆಯಾದಾಗ ನಾನಿನ್ನೂ ಎರಡನೆಯ ಇಯತ್ತೆಯಲ್ಲಿದ್ದೆ. ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ. ಆ ಕಾಲಕ್ಕೆ ಇಳಕಲ್ಲಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಕೊರಳಿಗೆ ತಾಳಿ ಬಿದ್ದವರು ನಾಲ್ಕೈದು ಮಂದಿಯಾದರೂ ಇದ್ದೆವು. ಗಂಡನ ಮನೆಗೆ ಕಳಿಸುವುದು ದೊಡ್ಡವರಾದ ಮೇಲೆ. ಅಲ್ಲಿಯ ತನಕ ತವರಿನಲ್ಲಿದ್ದು ಪಾಟಿ, ಬಳಪ ಹಿಡಿದು ಓಡಾಡಲು ಯಾರ ಅಡ್ಡಿಯೂ ಇರಲಿಲ್ಲ.

ನನಗೆ ಅಡ್ಡಿ ಬಂದದ್ದು ಹುನಗುಂದದಿಂದ, ಅಂದರೆ ಅತ್ತೆಯ ಮನೆಯಿಂದ. ಮೂರನೆಯ ಇಯತ್ತೆ ಮುಗಿಯುತ್ತ ಬಂದಾಗ ಅತ್ತೆ ನಮ್ಮ ಮನೆಗೆ ಬಂದು ಕುಳಿತು, ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಅವ್ವನಿಗೆ ಹೇಳಿದರು: "ಸಾಲಿ ಕಲ್ತದ್ದು ಸಾಕ್ರಿ. ರೊಟ್ಟಿ ಬಡಿಯಾಕ ಅಕ್ಷರ ಯಾಕ ಬೇಕು?"

ಅಪ್ಪ ಹೊರಗಿನಿಂದಲೇ ಕೈಮುಗಿದ. "ವರ್ಷದ ಕಡೀ ದಿನ ಸಾಲಿ ತಪಾಸಣಿಗೆ ಡೆಪ್ಯುಟಿ ಸಾಹೇಬ್ರು ಬರ್ತಾರ್ರಿ. ಬಕ್ಷೀಸು ಕೊಡತಾರ, ಹೆಣ್ಣುಮಕ್ಕಳನ್ನ ಅರಿಷಿಣ ಕುಂಕುಮಕ್ಕ ಕರೀತಾರ. ಸೊಸಿ ಓದೂದು ಒಮ್ಮೆ ಕೇಳ್ರಿ. ಆಮ್ಯಾಲೆ ನೀವು ಅಂದಂಗ."

ನನಗೆ ಶಾಲೆ ಬಿಡುವ ಮನಸ್ಸಿರಲಿಲ್ಲ. ನಾಲ್ಕನೆಯ ಇಯತ್ತೆಯವರಿಗೆ ಮಾಸ್ತರರು ನಕಾಶೆ ಬಿಚ್ಚಿ ತೋರಿಸುತ್ತಿದ್ದರು. ನಮ್ಮ ಮಲಪ್ರಭೆ ಕೃಷ್ಣೆಯನ್ನು ಕೂಡಿಕೊಂಡ ಮೇಲೆ ಇಬ್ಬರೂ ಎಲ್ಲಿಗೆ ಹೋಗುತ್ತಾರೆ ಎಂದು ನೋಡಬೇಕೆಂಬ ಆಸೆ ನನಗೆ ಹಸಿವಿನಂತೆ ಹತ್ತಿತ್ತು. ರೊಟ್ಟಿಯೇನು, ಜೀವನವಿಡೀ ಬಡಿಯುವುದು ಇದ್ದದ್ದೇ.

ಓದುವುದರಲ್ಲಿ ನಾನು ಜೋರು. ಒಂದೇ ಒಂದು ತೊಡಕಿತ್ತು. ನಮ್ಮ ಪುಸ್ತಕದಲ್ಲಿ ಒಬ್ಬ ರಾಜನ ಪಾಠ. ಅದನ್ನು ಬರೆದವನಿಗೆ ಬೇರೆ ಹೆಸರೇ ಸಿಗಲಿಲ್ಲವೋ ಏನೋ, ಆ ರಾಜನಿಗೆ ನಮ್ಮ ಯಜಮಾನರ ಹೆಸರನ್ನೇ ಇಟ್ಟಿದ್ದ! ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬರಿ ಬಾಯಿಯಲ್ಲಿ ಹೇಳುವುದಿಲ್ಲ. ಮಾಸ್ತರರು ತಿಳಿದವರು. ಆ ಪಾಠ ಬಂದಾಗಲೆಲ್ಲ ನನ್ನನ್ನು ಕೊಡ ಕೊಟ್ಟು ನೀರಿಗೆ ಕಳಿಸುತ್ತಿದ್ದರು. ಹುಡುಗಿಯರು ಕಿಸಿಕಿಸಿ ನಗುತ್ತಿದ್ದರು. ನಾನು ಹೊರಗೆ ಗೋಡೆಗೆ ಕಿವಿ ಹಚ್ಚಿ ನಿಂತು, ಪಾಠವನ್ನೆಲ್ಲ ಕೇಳಿಸಿಕೊಂಡು, ಆಮೇಲೆ ನೀರಿಗೆ ಹೋಗುತ್ತಿದ್ದೆ.

ವರ್ಷದ ಕೊನೆಯ ದಿನ ಬಂತು. ಬೆಳಿಗ್ಗೆ ನೆಲಕ್ಕೆ ಸಗಣಿ ಬಳಿದು ರಂಗೋಲಿ ಹಾಕಿದೆವು, ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ನಾವು ಹೊಲಿದ ಕಸೂತಿಯ ಕುಪ್ಪಸಗಳನ್ನು ಹಗ್ಗಕ್ಕೆ ತೂಗುಹಾಕಿದರು. ನನ್ನದರ ಮೇಲಿನ ಆನೆ ಹಂದಿಯಂತೆ ಕಾಣುತ್ತಿತ್ತು, ಆದರೂ ಹಾಕಿದರು. ಗಂಡಸರು ಪಡಸಾಲೆಯಲ್ಲಿ ಕುಳಿತರು, ಹೆಂಗಸರು ಒಳಗಿನ ಕೋಣೆಯಲ್ಲಿ. ನಡುವೆ ಒಂದು ಜಮಖಾನೆಯನ್ನು ಪರದೆಯಾಗಿ ಇಳಿಬಿಟ್ಟಿದ್ದರು. ಅದರ ಸಂದಿನಲ್ಲಿ ಅತ್ತೆಯ ಮೂಗುನತ್ತು ಕಾಣುತ್ತಿತ್ತು. ನಾನು ಆ ಕಡೆ ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಕೋಲಾಟ, ಫುಗಡಿ ಮುಗಿದ ಮೇಲೆ ಓದು ಶುರುವಾಯಿತು. ನನಗೆ ಕಾಗೆಯ ಪಾಠವೆಂದು ಮಾಸ್ತರರು ಮೊದಲೇ ಹೇಳಿಟ್ಟಿದ್ದರು. ಡೆಪ್ಯುಟಿ ಸಾಹೇಬರು ಇಂಥ ಆಟ ಎಷ್ಟು ಶಾಲೆಯಲ್ಲಿ ಕಂಡಿದ್ದರೋ! ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು, ಹಾಳೆ ಸರಸರ ತಿರುವಿ, "ಇದನ್ನ ಓದವಾ" ಎಂದು ಬೆರಳಿಟ್ಟರು. ರಾಜನ ಪಾಠ!

"ಸಾಹೇಬ್ರ, ಆ ಹುಡುಗಿಗಿ ಅದು ಬ್ಯಾಡ್ರಿ..." ಎಂದು ಮಾಸ್ತರರು ಎದ್ದರು.

"ನೀವು ಕೂಡ್ರಿ ಮಾಸ್ತರ. ಬಾಯಿಪಾಠ ಎಲ್ಲಾರೂ ಒಪ್ಪಸ್ತಾರ. ಓದಾಕ ಬರ್ತದೋ ಇಲ್ಲೋ ನೋಡೂಣು."

ಮಾಸ್ತರರು ಕುಳಿತರು. ನಾನು ನಿಂತೆ. 'ಒಂದಾನೊಂದು ಊರಿನಲ್ಲಿ' ಎಂದು ಓದಿದೆ. ಮುಂದಿನ ಶಬ್ದವೇ ಆ ಹೆಸರು. ಹೇಳಿದರೆ ಅತ್ತೆ ಅಲ್ಲಿಂದಲೇ ಎದ್ದು ಹೋಗುತ್ತಾರೆ, ನಾಚಿಕೆಗೆಟ್ಟವಳೆಂದು ನನ್ನ ಶಾಲೆ ಬಿಡಿಸುತ್ತಾರೆ. ಹೇಳದಿದ್ದರೆ ಓದಲು ಬರುವುದಿಲ್ಲವೆಂದು ಸಾಹೇಬರು ನಪಾಸು ಮಾಡುತ್ತಾರೆ, ಆಗಲೂ ಬಿಡಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಆ ರಾಜನನ್ನು ಹಿಡಿದು ನಾಲ್ಕು ಬಾರಿಸಬೇಕೆನಿಸಿತು.

"ಬರೂದಿಲ್ಲೇನವಾ?" ಎಂದರು ಸಾಹೇಬರು.

ಆಗ ಬಾಯಿಗೆ ಬಂದದ್ದು ಮದುವೆಯಲ್ಲಿ ಅಜ್ಜಿ ಹೇಳಿಕೊಟ್ಟಿದ್ದ ಒಡಪು. ಗಂಡನ ಹೆಸರು ಹೇಳಲೇಬೇಕಾದಾಗ ಎರಡು ಸಾಲು ಚೆಂದದ ಮಾತು ಕಟ್ಟಿ, ಕೊನೆಗೆ ಹೆಸರು ಕೂಡಿಸಿದರೆ ಅದಕ್ಕೆ ದೋಷವಿಲ್ಲ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಅಂದುಬಿಟ್ಟೆ:

"ಸೀರಿಗಿ ಚೆಂದ ಇಳಕಲ್ಲ ಸೆರಗ,
ದೇವರ ಮನಿಗಿ ದೀಪದ ಮೆರಗ,
ನನ್ನ ಕೊರಳ ತಾಳಿಗಿ ಒಡೆಯರು..."

ಕೊನೆಗೆ ಹೆಸರು ಹೇಳಿ, ಹಾಗೇ ಮುಂದಕ್ಕೆ, "ಎಂಬ ರಾಜನಿದ್ದನು" ಎಂದು ಓದಿದೆ.

ಸಾಹೇಬರ ಮೀಸೆ ಅಲುಗಿತು. "ಓದು, ಓದು" ಎಂದರು. ಪಾಪ, ಅವರ ಮನೆಯಲ್ಲೂ ಒಬ್ಬರು ಒಡಪು ಹೇಳುವವರು ಇದ್ದಿರಬೇಕು.

ಆದರೆ ಆ ರಾಜ ಒಂದೇ ಸಲ ಬಂದು ಹೋಗುವವನೇ? ಸಾಲುಸಾಲಿಗೆ ಬಂದ. ನನಗೆ ಗೊತ್ತಿದ್ದದ್ದು ಒಂದೇ ಒಡಪು. ರಾಜ ಬೇಟೆಗೆ ಹೊರಟಾಗ ಮತ್ತೆ ಸೀರಿಗಿ ಚೆಂದ ಇಳಕಲ್ಲ ಸೆರಗ. ಕಾಡಿನಲ್ಲಿ ದಾರಿ ತಪ್ಪಿದಾಗಲೂ ಅದೇ ಸೆರಗ. ಅಷ್ಟೊತ್ತಿಗೆ ಪರದೆಯ ಹಿಂದಿನ ಹೆಂಗಸರಿಗೂ ಅದು ಬಾಯಿಗೆ ಬಂದಿತ್ತು. ನಾನು "ಸೀರಿಗಿ" ಎಂದರೆ ಸಾಕು, ಉಳಿದದ್ದನ್ನು ಒಳಗಿನಿಂದ ಎಲ್ಲರೂ ಕೂಡಿ ಹೇಳಿ, ಹೆಸರನ್ನು ಮಾತ್ರ ನನಗೆ ಬಿಡುತ್ತಿದ್ದರು. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ಜಮಖಾನೆಯ ಸಂದಿನಲ್ಲಿದ್ದ ಮೂಗುನತ್ತು ಕಾಣದಾಗಿತ್ತು.

ಪಾಸಾದೆ. ಒಂದು ಕುಪ್ಪಸದ ಖಣ ಬಕ್ಷೀಸು ಬಂತು. ಅದನ್ನು ಎದೆಗವಚಿಕೊಂಡು, ಅಳು ತಡೆದುಕೊಂಡು ಒಳಗೆ ಹೋದೆ. ಅತ್ತೆ ಮೂಲೆಗೆ ಸರಿದು ಒಬ್ಬರೇ ಕುಳಿತಿದ್ದರು.

"ಬಾ ಇಲ್ಲೆ. ಆ ಪುಸ್ತಕದಾಗ ಖರೇನ ನನ್ನ ಮಗನ ಹೆಸರು ಐತೇನು?"

"ಐತ್ರಿ ಅತ್ತಿ."

"ಅದನ್ನ ಕೈಲೆ ಬರಿಯಾಕ ಬರ್ತದ?"

"ಬರ್ತದ್ರಿ."

ಅವರು ಆಚೀಚೆ ನೋಡಿದರು. ಹೆಂಗಸರೆಲ್ಲ ಕುಂಕುಮದ ಗದ್ದಲದಲ್ಲಿದ್ದರು. ದನಿ ತಗ್ಗಿಸಿ, "ನಿಮ್ಮ ಮಾವಂದು ಬರಿ" ಎಂದರು.

ನನ್ನ ಪಾಟಿ ತಂದು ಅದರ ಮೇಲೆ ದೊಡ್ಡದಾಗಿ ಬರೆದೆ. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೆರಳನ್ನು ಅಕ್ಷರಗಳ ಮೇಲೆ, ಅಳಿಸದಂತೆ ಎತ್ತಿ ಹಿಡಿದೇ ಆಡಿಸಿದರು. "ಇಷ್ಟಽ ಐತಿ?" ಎಂದರು. "ಇಷ್ಟ ವರ್ಷ ಆತು, ಬಾಯಿಲೆ ಅಂದಿಲ್ಲ, ಕಣ್ಣಿಲೆ ಕಂಡಿಲ್ಲ." ಅವರ ಕಣ್ಣು ತುಂಬಿತ್ತು. ಗುಡುಗಿನಂಥ ಆ ಹೆಂಗಸಿನ ಕಣ್ಣಲ್ಲಿ ನೀರು ನೋಡಿ ನನಗೂ ಸಂಕಟವಾಯಿತು, ಏನು ಮಾಡಬೇಕೋ ತಿಳಿಯದೆ ಪಾಟಿಯನ್ನು ಹಿಂದಕ್ಕೆ ತೆಗೆದುಕೊಂಡು, ದಿನದ ರೂಢಿಯಂತೆ ಒರೆಸಲು ಹೆಬ್ಬೆರಳಿಗೆ ಉಗುಳು ಹಚ್ಚಿದೆ.

ಅತ್ತೆ ಗಬಕ್ಕನೆ ನನ್ನ ಕೈ ಹಿಡಿದರು. "ಏ ಹುಚ್ಚಿ! ಅವರ ಹೆಸರಿಗಿ ಉಗುಳು ಹಚ್ತಿಯೇನ?"

"ನೀರ್ಲೆ ಒರಸ್ಲೇನ್ರಿ?"

"ಒರಸೂದಽ ಬ್ಯಾಡ." ಪಾಟಿಯನ್ನು ಕಸಿದು ಸೆರಗಿನೊಳಗೆ ಇಟ್ಟುಕೊಂಡರು. ನನಗೆ ಅಷ್ಟೊತ್ತು ತಡೆದಿದ್ದ ಅಳು ಒಮ್ಮೆಲೇ ಕಿತ್ತುಕೊಂಡು ಬಂತು. ಪಾಟಿ ಹೋಯಿತು ಅಂದರೆ ಶಾಲೆ ಹೋಯಿತು ಎಂದೇ ತಿಳಿದಿದ್ದೆ.

"ಅಳತೀ ಯಾಕ?" ಅತ್ತೆ ಗದರಿದರು. "ಪ್ಯಾಟ್ಯಾಗ ಹೊಸಾದು ಕೊಡಸ್ತೇನಿ, ನಡಿ. ನಾಕನೇ ಇಯತ್ತೆಗಿ ಪಾಟಿ ಇಲ್ಲದಽ ಹೋಗ್ತಿಯೇನು?"