ಗಿವನ್ ಬೈ ಮುತ್ತಮ್ಮ

ನಮ್ಮ ಅತ್ತೆ ರಂಗಮ್ಮನವರ ಬಾಯಿಗೆ ಬೀಗ ಹಾಕುವವರು ಬಾಳೂರಿನಲ್ಲಿ ಯಾರೂ ಹುಟ್ಟಿರಲಿಲ್ಲ. ಊಟಕ್ಕೆ ಕೂತರೆ ಬಡಿಸುವುದಕ್ಕಿಂತ ಹೇಳುವುದೇ ಹೆಚ್ಚಾಗುತ್ತಿತ್ತು. ತಟ್ಟೆಗೆ ಚಟ್ನಿ ಬಿತ್ತೆಂದರೆ, ಇದು ಆಚೆಮನೆ ಮುತ್ತಮ್ಮ ಕೊಟ್ಟ ಬೀಜದ ಸೂಜಿಮೆಣಸು. ಉಪ್ಪಿನಕಾಯಿ ಬಿತ್ತೆಂದರೆ, ಇದರ ಮಿಡಿ ಕಳಸದ ಕಡೆ ಹೊಳೆ ದಂಡೆಯ ಮರದ್ದು, ಸುಬ್ಬಯ್ಯ ಭಟ್ಟರು ಕಳಿಸಿದ್ದು. ಕೆಸುವಿನೆಲೆ ಯಾರ ಹಿತ್ತಲಿನದು, ಮಜ್ಜಿಗೆ ಯಾವ ದನದ್ದು, ಆ ದನದ ಅಮ್ಮ ಯಾರ ಕೊಟ್ಟಿಗೆಯಿಂದ ಬಂದದ್ದು, ಅಷ್ಟೂ ಮುಗಿಯುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು. ಕೊಟ್ಟವರ ಹೆಸರು ಹೇಳದೆ ಉಂಡರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎನ್ನುವುದು ಅವರ ನಂಬಿಕೆ. ನನ್ನ ಗಂಡ ನಂದನ್ ಇದನ್ನು ಹುಟ್ಟಿದಾಗಿನಿಂದ ಕೇಳಿದವರು, ತಲೆ ತಗ್ಗಿಸಿ ಉಂಡು ಏಳುತ್ತಿದ್ದರು.

ನನಗೆ ಮಾತ್ರ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಆ ಮನೆಯಲ್ಲಿ ಮೆಣಸಿನ ಬೀಜ ಕೊಟ್ಟವರಿಗೂ ಹೆಸರಿತ್ತು, ಮಗಳನ್ನು ಕೊಟ್ಟವಳಿಗೆ ಇರಲಿಲ್ಲ. ನಾನು ಸಂಸೆಯವಳು. ಅಪ್ಪ ಬೇಗ ಹೋದರು. ಅಮ್ಮ ಶಾಂತಕುಮಾರಿ ಅಂಗನವಾಡಿಯಲ್ಲಿ ದುಡಿದು, ಊರವರ ರವಿಕೆ ಹೊಲಿದು ನನ್ನನ್ನು ಸಾಕಿ, ತೊಂಬತ್ತೈದರಲ್ಲಿ ಬಾಳೂರಿನ ಈ ಕಾಫಿ ತೋಟದ ಮನೆಗೆ ಕೊಟ್ಟಳು. ಮದುವೆ ಕಳಸದ ಛತ್ರದಲ್ಲಿ ಆಯಿತು. ಆಮೇಲೆ ವರ್ಷಗಳೇ ಕಳೆದರೂ ಅತ್ತೆ ಅಮ್ಮನ ಮನೆಯ ಹೊಸಿಲು ತುಳಿಯಲಿಲ್ಲ, ಊಟದ ಹೊತ್ತಿನಲ್ಲಿ ಅವಳ ಹೆಸರೆತ್ತಲಿಲ್ಲ. ಕರೆದರೆ ಹೋಗೋಣ ಹೋಗೋಣ ಅನ್ನುವರು, ಆಮೇಲೆ ಮಾತು ತೇಲಿಸಿಬಿಡುವರು. ತೋಟ ಇಲ್ಲದವರ ಮನೆಗೆ ತೋಟದವರು ಯಾಕೆ ಬರುತ್ತಾರೆ ಎಂದು ನಾನು ಅಂದುಕೊಂಡಿದ್ದೆ.

ಹಾಗಂತ ಕೆಟ್ಟ ಅತ್ತೆಯೇ? ಛೆ, ಹಾಗೆ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಮಗಳು ಕವನಾ ಹುಟ್ಟಿದಾಗ ಬಾಣಂತನ ಮುಗಿಯುವ ತನಕ ನನ್ನ ಕೈಗೆ ತಣ್ಣೀರು ಸೋಕಿಸಲಿಲ್ಲ. ನನಗೆ ಜ್ವರ ಬಂದರೆ ಕಾಫಿ ಕುಯ್ಲಿನ ಗಡಿಬಿಡಿಯಲ್ಲೂ ಗಂಜಿ ಹಿಡಿದು ಪಕ್ಕದಲ್ಲಿ ಕೂರುವರು. ಇಷ್ಟೆಲ್ಲ ಮಾಡುವವರಿಗೆ ಅದೊಂದು ಹೆಸರು ಹೇಳಲು ಏನು ಕಷ್ಟ ಎಂದು ಸಿಟ್ಟು ಇನ್ನಷ್ಟು ಏರುತ್ತಿತ್ತು. ನಾನು ಸಂಸೆಗೆ ಹೋದಾಗಲೆಲ್ಲ ಅಮ್ಮ ಸೊಪ್ಪು ಬಿಡಿಸುತ್ತಾ ಕೇಳುವಳು, "ನಿಮ್ಮತ್ತೆ ನನ್ ಬಗ್ಗೆ ಏನಾದ್ರೂ ಅಂತಾರೇನೇ?" ದಿನಾ ಕೇಳ್ತಾರಮ್ಮ ಎಂದು ನಾನು ಬೇರೆ ಕಡೆ ನೋಡುತ್ತಿದ್ದೆ.

ಎರಡು ಸಾವಿರದ ಮೂರರ ಹೊತ್ತಿಗೆ ಕಾಫಿ ರೇಟು ಬಿದ್ದು, ಸುತ್ತಮುತ್ತಲಿನ ಎಸ್ಟೇಟಿನವರು ಒಬ್ಬೊಬ್ಬರೇ ಹೋಂಸ್ಟೇ ಶುರುಮಾಡಿದರು. ನಾವೂ ಮಾಡೋಣ ಎಂದೆ. ಅನ್ನ ಮಾರುವುದಾ ಎಂದು ಅತ್ತೆ ಮುಖ ಊದಿಸಿಕೊಂಡರು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅಡುಗೆಮನೆ ಅವರದು, ಬಡಿಸುವುದೂ ಅವರೇ. ಆದರೆ ಬರುವ ಅತಿಥಿಗಳಲ್ಲಿ ಹೊರದೇಶದವರೂ ಇರುತ್ತಾರೆ, ಅತ್ತೆಗೆ ಮಾತಿಲ್ಲದೆ ಬಡಿಸಿ ಗೊತ್ತಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದರೆ, ಸೌಟು ನನ್ನ ಕೈಯಲ್ಲಿ, ಮಾತು ನಿನ್ನ ಬಾಯಲ್ಲಿ, ಅದೆಂಥ ಚಂದ ಎಂದು ಕೊಸರಿಕೊಂಡರು. ಹಾಗಾಗಿ ಶಾಲೆಯ ಇಂಗ್ಲಿಷ್ ಟೀಚರ್ ಕಾತ್ಯಾಯಿನಿಯವರನ್ನು ಸಂಜೆ ಹೊತ್ತು ಮನೆಗೆ ಕರೆಸಿದೆವು.

ಟೀಚರ್ ಪಾಪ 'ಹೌ ಆರ್ ಯೂ' ಎಂಬಲ್ಲಿಂದ ಶುರುಮಾಡಿದರು. ಅಷ್ಟು ದೂರದಿಂದ ಬಂದು ಉಣ್ಣಲು ಕೂತವರು ಚೆನ್ನಾಗಿಯೇ ಇರುತ್ತಾರೆ, ಅದನ್ನೇನು ಕೇಳುವುದು ಎಂದು ಅತ್ತೆ ಅದನ್ನು ಕಲಿಯಲೇ ಇಲ್ಲ. 'ವಾಟ್ ಈಸ್ ಯುವರ್ ನೇಮ್' ಕೂಡ ಮರುದಿನಕ್ಕೆ ಮರೆತುಹೋಯಿತು. ಟೀಚರ್ ಸೋತು ಕಾಫಿಗೆ ಕೂತಾಗ ಅತ್ತೆ ಹಲಸಿನ ಹಪ್ಪಳ ತಂದಿಟ್ಟು ತಮ್ಮ ಪುರಾಣ ಬಿಚ್ಚಿದರು. ಹಲಸು ಎಲ್ಲಿಯದು, ಜೀರಿಗೆ ಎಲ್ಲಿಂದ ತಂದದ್ದು, ಹಾಸಿ ಒಣಗಿಸಿದ ಚಾಪೆ ಯಾರು ಕೊಟ್ಟದ್ದು. ಟೀಚರ್ ಹಪ್ಪಳ ಕೈಯಲ್ಲೇ ಹಿಡಿದು ಕೇಳುತ್ತಾ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಇವ್ರಿಗೆ ಬೇರೆ ಇಂಗ್ಲಿಷ್ ಎಂತಕ್ಕೆ ಮಾರಾಯ್ತಿ, ಇದನ್ನೇ ಕಲಿಸಿದ್ರೆ ಆಯ್ತಲ್ಲ" ಎಂದರು.

ಅಂದಿನಿಂದ ನಾಲ್ಕೇ ನಾಲ್ಕು ಮಾತು. ಮೇಡ್ ಫ್ರಮ್, ಗ್ರೋನ್ ಇನ್, ಬ್ರಾಟ್ ಫ್ರಮ್, ಗಿವನ್ ಬೈ. ಮೊದಲು ಪದಾರ್ಥ ತೋರಿಸುವುದು, ಆಮೇಲೆ ಅದು ಬಂದ ದಾರಿ ಹೇಳುವುದು. ಅತ್ತೆಗೆ ಇದು ಎಷ್ಟು ಹಿಡಿಸಿತೆಂದರೆ ಮನೆಯವರಿಗೆಲ್ಲ ಪ್ರಾಣಸಂಕಟ. ಒಲೆ ಮುಂದೆ ಕೂತು ಪಾತ್ರೆಗಳಿಗೆ ಒಪ್ಪಿಸುವರು. ಪಾರ್ಚ್‌ಮೆಂಟ್ ಕಾಫಿಯ ಮೂಟೆ ಎಣಿಸುತ್ತಿದ್ದ, ತೋಟದ ಲೆಕ್ಕ ಬರೆಯುವ ರೈಟರನ್ನು ನಿಲ್ಲಿಸಿ 'ದಿಸ್ ವಾಸ್ ಗ್ರೋನ್ ಇನ್ ಅವರ್ ಎಸ್ಟೇಟ್' ಎಂದಾಗ ಅವನು ಏನೋ ಆರ್ಡರ್ ಇರಬೇಕೆಂದು ಎದ್ದು ನಿಂತ. ಚಟ್ನಿ ಅರೆಯುವಾಗಲಂತೂ 'ಗಿವನ್ ಬೈ ಮುತ್ತಮ್ಮ, ಗಿವನ್ ಬೈ ಮುತ್ತಮ್ಮ' ಎಂದು ಒಂದೇ ಜಪ. ಆಳುಮಕ್ಕಳು ಕೂಡ ಕಲಿತುಬಿಟ್ಟರು. ಮುತ್ತಮ್ಮನ ಹೆಸರು ಇಂಗ್ಲಿಷಿಗೂ ಹತ್ತಿತು, ನನ್ನಮ್ಮನದು ಕನ್ನಡದಲ್ಲೂ ಇಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಟೂರ್ ಕಂಪನಿಯ ಪ್ರೇಮಕುಮಾರಿ ಎಂಬವರು ಬಿಳಿಯ ದಂಪತಿಯನ್ನು ಕರೆದುಕೊಂಡು ನಮ್ಮ ಮನೆ ನೋಡಲು ಬಂದರು. ಅವರಿಗೆ ಸರಿಕಂಡರೆ ಮುಂದೆ ಅತಿಥಿಗಳನ್ನು ಕಳಿಸುವುದೆಂದು ಮಾತು. ಊಟಕ್ಕೆ ಮುಂಚೆ ಆಕೆ ನನ್ನನ್ನು ಪಕ್ಕಕ್ಕೆ ಕರೆದು, ಎಲ್ಲವೂ ಇದೇ ತೋಟದಲ್ಲಿ ಬೆಳೆದದ್ದು ಎಂದು ಹೇಳಿಸಿ, ಹೊರಗಿನವರಿಗೆ ಅದೇ ಇಷ್ಟ ಎಂದರು. ನಾನು ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಕಡುಬಿನ ಪಾತ್ರೆ ಇಳಿಸುತ್ತಾ ನನ್ನ ಮುಖವನ್ನೊಮ್ಮೆ ನೋಡಿದರು.

ಊಟ ಶುರುವಾಯಿತು. ಕಡುಬು ಹಾಕಿ ಅತ್ತೆ, ದಿಸ್ ಈಸ್ ಮೇಡ್ ಫ್ರಮ್ ರೈಸ್, ರೈಸ್ ವಾಸ್ ಬ್ರಾಟ್ ಫ್ರಮ್ ಮೂಡಿಗೆರೆ, ಎಂದರು. ಕೋಳಿ ಸಾರು ಬಂತು. ಅದೂ ಬ್ರಾಟ್ ಫ್ರಮ್ ಮೂಡಿಗೆರೆ. ತೆಂಗಿನಕಾಯಿ ಅರಸೀಕೆರೆಯದು. ಪ್ರೇಮಕುಮಾರಿಯವರ ಮುಖ ಸಣ್ಣದಾಗುತ್ತಾ ಹೋಯಿತು. ಚಟ್ನಿ ಬಂದಾಗ ಮುತ್ತಮ್ಮ ಬಂದೇ ಬಂದಳು, ಕಾಳುಮೆಣಸು ಮತ್ತು ಕಾಫಿ ಬಂದಾಗ ಮಾತ್ರ ಅವರ್ ಎಸ್ಟೇಟ್ ಬಂತು. ಬಿಳಿಯ ಹೆಂಗಸಿಗೆ ಎಲ್ಲಿಲ್ಲದ ಖುಷಿ. ಒಂದೊಂದನ್ನೇ ಬೆರಳು ತೋರಿಸಿ ಕೇಳುತ್ತಾ ಹೋದವರು, ಕೊನೆಗೆ ನೀರಿನ ಜಗ್ಗು ಹಿಡಿದು ನಿಂತಿದ್ದ ನನ್ನನ್ನು ತೋರಿಸಿ, ಮತ್ತೆ ಇವಳು ಎಲ್ಲಿಂದ ಎಂದು ನಗುತ್ತಾ ಕೇಳಿದರು.

"ಬ್ರಾಟ್ ಫ್ರಮ್ ಸಂಸೆ" ಎಂದರು ಅತ್ತೆ. ಎಲ್ಲರೂ ನಕ್ಕರು. ಕೋಳಿ ಆಯಿತು, ತೆಂಗಿನಕಾಯಿ ಆಯಿತು, ಈಗ ನನ್ನ ಸರದಿಯೇ ಎಂದು ನನಗೆ ರೇಗಿ ಅಡುಗೆಮನೆಗೆ ತಿರುಗಿದೆ. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು.

"ಗಿವನ್ ಬೈ ಶಾಂತಕುಮಾರಿ."

ಕಾಲು ಅಲ್ಲೇ ನಿಂತಿತು. ಅತ್ತೆಯ ಇಂಗ್ಲಿಷು ಅಲ್ಲಿಗೆ ಮುಗಿದಿತ್ತು. ಸೌಟು ಕೆಳಗಿಟ್ಟು, ಮಗನಿಗೆ ನೀನು ಹೇಳೋ ಅವರಿಗೆ ಎಂದು ಕನ್ನಡದಲ್ಲೇ ಶುರುಮಾಡಿದರು.

"ಇದ್ದೊಬ್ಳೇ ಮಗಳು. ಹೊಲಿಗೆ ಹಾಕಿ ಸಾಕಿದ್ದು. ನಾವು ಕೇಳಿದ್ ಕೂಡ್ಲೇ ಕೊಟ್ರು. ಈ ಮನೇಲಿ ಯಾರ್ಯಾರು ಕೊಟ್ಟಿದ್ದು ಅಂತ ದಿನಾ ಹೇಳ್ತೀನಲ್ಲ, ಅವ್ರಿಗೆಲ್ಲ ನಾನು ತಿರುಗಿ ಏನಾರು ಕೊಟ್ಟಿದೀನಿ. ಅದಕ್ಕೇ ಧೈರ್ಯವಾಗಿ ಹೆಸರು ಹೇಳ್ತೀನಿ. ಶಾಂತಕುಮಾರಿಯವ್ರಿಗೆ ಕೊಡಕ್ಕೆ ನನ್ ಹತ್ರ ಎಂತ ಉಂಟು? ಮಗಳನ್ನ ಕೊಟ್ಟೋರ ಮನೆಗೆ ಬಾಳೆಗೊನೆ ಹಿಡ್ಕೊಂಡು ಹೋಗಾದಾ? ನಾಚ್ಕೆ ಆಗಿ ಇವತ್ತಿನ ತಂಕ ಹೋಗಿಲ್ಲ."

ನಂದನ್ ತಲೆ ತಗ್ಗಿಸುವುದನ್ನೂ ಮರೆತು ತಾಯಿಯ ಮುಖವನ್ನೇ ನೋಡುತ್ತಾ ಕೂತರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದು ಪ್ರೇಮಕುಮಾರಿಯವರೇ. ಹೊರಡುವಾಗ ಆಕೆ, ಬರುವ ತಿಂಗಳಿಂದ ಅತಿಥಿಗಳು ಬರುತ್ತಾರೆ, ನಿಮ್ಮತ್ತೆ ಏನು ಹೇಳುತ್ತಾರೋ ಹಾಗೇ ಹೇಳಲಿ ಎಂದು ಹೋದರು. ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇಷ್ಟು ವರ್ಷ ಕೊಬ್ಬು ಎಂದುಕೊಂಡದ್ದು ಸಂಕೋಚವಾಗಿತ್ತು. ಅಯ್ಯೋ ದೇವರೇ, ಇಂಥ ಸಂಕೋಚವೂ ಉಂಟೇ? ಸಿಟ್ಟು, ಅಳು, ನಗು ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಬರಿಗೈಯಲ್ಲೇ ಬನ್ನಿ ಅತ್ತೆ, ಅಮ್ಮ ಇನ್ನೂ ಕಾಯ್ತಾ ಇದಾಳೆ ಎಂದೆ.

ಮರುದಿನ ಬೆಳಿಗ್ಗೆ ನಂದನ್ ಜೀಪು ತೆಗೆದರು. ಅತ್ತೆ ದಾರಿಯುದ್ದಕ್ಕೂ ಕವನಾಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದರು. ಸಂಸೆಯಲ್ಲಿ ಅಮ್ಮ ಹೊಲಿಗೆ ಮಷೀನಿನ ಮುಂದಿನಿಂದ ಎದ್ದು ಬಾಗಿಲಿಗೆ ಬಂದವಳು, ಯಾರೆಂದು ನೋಡಿ ಸೆರಗು ಸರಿಮಾಡಿಕೊಳ್ಳುವುದಕ್ಕೂ ಮರೆತಳು. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು.

"ಬರಿಗೈಲಿ ಬಂದೀನಿ ಅಕ್ಕ" ಎಂದರು.

ಅಮ್ಮ ಅವರ ಹೆಗಲಾಚೆ ನನ್ನನ್ನು ನೋಡಿದಳು, ಜೀಪಿನಿಂದ ಧುಮುಕುತ್ತಿದ್ದ ಕವನಾಳನ್ನು ನೋಡಿದಳು.

"ಬರಿಗೈ ಎಲ್ಲಿ ಬಂತು? ನಾನು ಒಬ್ಳನ್ನ ಕೊಟ್ಟಿದ್ದೆ, ನೀವು ಇಬ್ರನ್ನ ಕರ್ಕೊಂಡು ಬಂದಿದೀರಿ."

ಅತ್ತೆ ಹಿಡಿದ ಕೈ ಬಿಡದೆ ಅಮ್ಮನ ಹಿಂದೆಯೇ ಹೊಸಿಲು ದಾಟಿ ಒಳಗೆ ಹೋದರು.