ಮನೇಲಿ ಎಷ್ಟು ಆಂಪ್ಸ್?

ಬೆಳಗಿನ ಆರು ಗಂಟೆ. ಬಾಗ್ದಾದಿನ ಸಿನಾಆ ಬೀದಿಯ ಕಂಪ್ಯೂಟರ್ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಎದ್ದಿರುವವರು ಚಹಾದವನು ಮತ್ತು ಹಾತಿಫ್ ಮಿಝ್ಹಿರ್, ಇಬ್ಬರೇ. ಐವತ್ತೆಂಟರ ಹಾತಿಫ್ ತಮ್ಮ ಕೈಗಾಡಿಯನ್ನು ಮಗುಚಿ ಹಾಕಿ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಾರೆ. ಬಾಯಲ್ಲಿ ಎಮ್ಮೆ ಹಾಲಿನ ಕೆನೆ ಸವರಿದ ಸಮೂನ್ ರೊಟ್ಟಿ.

“ಚಕ್ರ ಕಿರುಗುಟ್ಟಿದ್ರೆ ಗಿರಾಕಿ ಮಾತು ಕೇಳಿಸಲ್ಲ. ನನ್ನ ಕೆಲಸ ಅರ್ಧ ಹೊರೋದು, ಅರ್ಧ ಕೇಳೋದು” ಎನ್ನುತ್ತಾರೆ, ತುಟಿಯ ಕೆನೆ ಒರೆಸಿಕೊಂಡು.

ಹೊರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ: ದಿನಕ್ಕೆ ನಲವತ್ತು ಪೆಟ್ಟಿಗೆ, ಟ್ಯಾಕ್ಸಿ ನಿಲ್ಲುವ ತಿರುವಿಗೆ ಹನ್ನೊಂದು ಹನ್ನೆರಡು ಸುತ್ತು. ಕೇಳುವುದು ಮಾತ್ರ ಈ ಬೀದಿಯ ಗುಟ್ಟು. ಮನೆಯ ಕಂಪ್ಯೂಟರಿಗೆ ಆಟ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬರುವವರು ಗಾಜಿನೊಳಗೆ ಮಿನುಗುವ ಮೂರು ಫ್ಯಾನಿನ ಕಾರ್ಡಿಗೆ ಮರುಳಾಗುತ್ತಾರೆ. ತಿಳಿದವರು ಮೊದಲು ಹಾತಿಫರ ಗಾಡಿ ಹುಡುಕುತ್ತಾರೆ. ಅವರು ಯಾವ ಆಟ, ಎಷ್ಟು ದುಡ್ಡು ಎಂದೆಲ್ಲ ಕೇಳುವುದಿಲ್ಲ. “ಮನೇಲಿ ಎಷ್ಟು ಆಂಪ್ಸ್?” ಎಂದಷ್ಟೇ ಕೇಳುತ್ತಾರೆ.

ಸರ್ಕಾರಿ ಕರೆಂಟು ಹೋದೊಡನೆ ನಮಗೆಲ್ಲ ಓಣಿಯ ಜನರೇಟರೇ ಗತಿ. ತಿಂಗಳಿಗಿಷ್ಟು ಆಂಪ್ಸ್ ಎಂದು ಕೊಂಡಿರುತ್ತೇವೆ. ಅದನ್ನು ಮೀರಿದರೆ ಟಪ್ಪೆಂದು ಸ್ವಿಚ್ ಬೀಳುತ್ತದೆ, ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಾರ್ಡ್ ದೊಡ್ಡದಾದಷ್ಟೂ ಹೆಚ್ಚು ಆಂಪ್ಸ್ ನುಂಗುತ್ತದೆ. ಹಾತಿಫ್ ಮೊದಲು ಜನರೇಟರಿನ ತಂತಿ ಎಳೆಯುವ ಕೆಲಸದಲ್ಲಿದ್ದವರು. ಕಂಬದಿಂದ ಬಿದ್ದು ಕಾಲು ಮುರಿದ ಮೇಲೆ ಗಾಡಿ ಹಿಡಿದರು. ಇಪ್ಪತ್ತೆರಡು ವರ್ಷವಾಯಿತು.

“ಪೆಟ್ಟಿಗೆ ಮೇಲಿನ ಅಕ್ಷರ ನಂಗೆ ಓದಕ್ಕೆ ಬರಲ್ಲ. ಅಂಕಿ ಬರುತ್ತೆ, ಅಷ್ಟು ಸಾಕು” ಎಂದು ನಗುತ್ತಾರೆ. ಹೇಳಿಕೊಟ್ಟದ್ದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲವೇ ಎಂದು ಕೇಳಿದೆ. “ಮಾತಿಗೆ ತೂಕ ಎಲ್ಲಿದೆ ಕಣ್ಣೇ? ತೂಕ ಇಲ್ಲದ್ದಕ್ಕೆ ಹಮಾಲಿ ಏನು ಕೇಳಲಿ?” ಅಕ್ಕರೆ ಬಂದರೆ ಇಲ್ಲಿ ಯಾರನ್ನೂ ‘ಕಣ್ಣೇ’ ಎಂದೇ ಕರೆಯುತ್ತಾರೆ.

ನನ್ನ ಕಂಪ್ಯೂಟರಿಗೂ ಕಾರ್ಡ್ ಆರಿಸಿಕೊಟ್ಟವರು ಇವರೇ. ಅವರ ಆಯ್ಕೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಈ ಗುರುವಾರ ಕಂಡೆ.

ಏಳು ಗಂಟೆಗೆ ರಘದ್ ಎಂಬ ಹುಡುಗಿ ಟವೆಲಿನಲ್ಲಿ ಸುತ್ತಿದ ದೊಡ್ಡ ಕಾರ್ಡನ್ನು ಎದೆಗವಚಿಕೊಂಡು ಬರುತ್ತಾಳೆ. ಕಟ್ಟಡ ವಿನ್ಯಾಸದ ಕೊನೆಯ ವರ್ಷ ಓದುತ್ತಿದ್ದಾಳೆ. ಒಂದು ಶಾಲೆಯ ವಿನ್ಯಾಸ ಮಾಡಿದ್ದಾಳೆ. ಅದರೊಳಗೆ ನಡೆದಾಡಿದಂತೆ ತೋರಿಸುವ ಚಿತ್ರವನ್ನು ಭಾನುವಾರ ಬೆಳಿಗ್ಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಒಂದು ವರ್ಷ ಹೋದಂತೆ. ಹಿಂದಿನ ವಾರ ಅವಳ ಅಪ್ಪ ಸಲ್ವಾನ್ ಬಂದು, ಹಾತಿಫ್ ಆರಿಸಿದ ಕಾರ್ಡನ್ನೇ ಒಯ್ದಿದ್ದರು.

“ಕಂಪ್ಯೂಟರ್ ಆ ಚಿತ್ರನ ಒಂದು ಗಂಟೇಲಿ ಮುಗಿಸಬೇಕು ಚಿಕ್ಕಪ್ಪಾ. ಇಪ್ಪತ್ತು ನಿಮಿಷಕ್ಕೇ ಸ್ವಿಚ್ ಬೀಳುತ್ತೆ. ಮತ್ತೆ ಮೊದಲಿಂದ. ಅಮ್ಮ ಫ್ರಿಜ್ ಆಫ್ ಮಾಡಿದ್ಲು, ಮೊಸರೆಲ್ಲ ಹುಳಿ ಬಂತು. ಕೂಲರ್ ಆಫ್ ಮಾಡೋಣ ಅಂದ್ರೆ ಅಜ್ಜಿ ಚಪ್ಪಲಿ ತಗೋತಾಳೆ.”

“ಹತ್ತು ಆಂಪ್ಸಿಗೆ ಅದು ಬೀಳಕೂಡ್ದಲ್ಲ ಮಗಳೇ?”

“ಹತ್ತಾ? ಯಾರು ಹೇಳಿದ್ದು? ನಮ್ಮದು ನಾಲ್ಕು!”

ಹಾತಿಫ್ ಎಣ್ಣೆ ಡಬ್ಬಿ ಕೆಳಗಿಡುತ್ತಾರೆ. ಸಲ್ವಾನ್ ಹತ್ತು ಎಂದದ್ದು ಬೀದಿಯ ನಡುವೆ, ಹತ್ತು ಜನರ ಎದುರು. ನಮ್ಮಲ್ಲಿ ಗಂಡಸರು ವಯಸ್ಸನ್ನು ಇಳಿಸಿ ಹೇಳುತ್ತಾರೆ, ಆಂಪ್ಸನ್ನು ಏರಿಸಿ ಹೇಳುತ್ತಾರೆ. ಅದನ್ನು ಹಿಡಿಯಲು ಹಾತಿಫರ ಬಳಿ ಎರಡನೆಯ ಪ್ರಶ್ನೆಯೊಂದಿದೆ: “ಕೂಲರ್ ಹಾಕಿದಾಗ ಫ್ರಿಜ್ ಆಫ್ ಮಾಡ್ತೀರಾ?” ಆ ದಿನ ಅದನ್ನು ಕೇಳಲಿಲ್ಲ.

“ಅಷ್ಟು ಜನರ ಮುಂದೆ ಕೇಳಿ ಅವನ ಮರ್ಯಾದೆ ತೆಗೆಯೋದು ಬೇಡ ಅಂದ್ಕೊಂಡೆ. ನನ್ನದೇ ಹೋಯ್ತು ನೋಡಿ” ಎಂದು ನನ್ನತ್ತ ತಿರುಗಿ ಹೇಳುವಾಗ ಅವರ ಮುಖ ನಿಜಕ್ಕೂ ಸಪ್ಪಗಾಗಿದೆ. ನನಗೂ ಪಿಚ್ಚೆನಿಸುತ್ತದೆ. ನಾಳೆ ಶುಕ್ರವಾರ, ಬೀದಿ ಮುಚ್ಚಿರುತ್ತದೆ. ಏನಾದರೂ ಆಗುವುದಿದ್ದರೆ ಇವತ್ತೇ.

ಹಾತಿಫ್ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಫ್ರಿಜ್ಜಿಗೆ ಒಂದು ಆಂಪ್ಸ್, ಅಜ್ಜಿಯ ಕೂಲರಿಗೆ ಒಂದೂಕಾಲು, ಫ್ಯಾನು ದೀಪಕ್ಕೆ ಮುಕ್ಕಾಲು. ಉಳಿಯುವುದು ಒಂದೇ ಒಂದು. ಕಂಪ್ಯೂಟರ್, ಅದರ ಪರದೆ, ಕಾರ್ಡ್, ಎಲ್ಲವೂ ಆ ಒಂದರಲ್ಲೇ ಬದುಕಬೇಕು.

ಅಂಗಡಿ ತೆರೆದೊಡನೆ ಅವರು ಕೈಗೆತ್ತಿಕೊಳ್ಳುವುದು ಅಂಗೈಗಿಂತ ಸ್ವಲ್ಪ ಉದ್ದದ, ಒಂದೇ ಫ್ಯಾನಿನ ಕಾರ್ಡ್. ಬೇರೆ ವಿದ್ಯುತ್ ತಂತಿಯನ್ನೇ ಕೇಳದ ಬಡಪಾಯಿ.

“ಇಷ್ಟೇನಾ?” ರಘದ್ ದನಿ ಇಳಿಯುತ್ತದೆ.

“ಒಂದು ಗಂಟೆ ಕೆಲಸಕ್ಕೆ ನಾಲ್ಕು ಗಂಟೆ ತಗೊಳ್ಳುತ್ತೆ. ಆದ್ರೆ ಮುಗಿಸುತ್ತೆ. ಮೆಮೊರಿ ಎಂಟು ಜಿಬಿ ಇದೆ, ನಿನ್ನ ಶಾಲೆ ಹಿಡಿಯುತ್ತೆ. ಸರ್ಕಾರಿ ಕರೆಂಟು ಹೋಗಿ ಜನರೇಟರ್ ಬರೋ ತನಕ ನಿಮ್ಮ ಬ್ಯಾಟರಿ ಡಬ್ಬಿನೂ ಇದನ್ನ ತಡ್ಕೊಳ್ಳುತ್ತೆ.”

ಅಂಗಡಿಯವನು ಹಳೆಯ ಕಾರ್ಡನ್ನು ತಿರುಗಿಸಿ ನೋಡಿ ಗೊಣಗುತ್ತಾನೆ. “ವಾರ ಬಳಸಿದ್ದನ್ನ ವಾಪಸ್ ತಗೊಳ್ಳೋದಾ? ನನ್ನದು ಅಂಗಡಿನಾ, ಮಾವನ ಮನೆನಾ?”

“ಆರಿಸಿದ್ದು ನಾನು. ಒಂದು ತಿಂಗಳು ನಿನ್ನ ಪೆಟ್ಟಿಗೆ ಪುಕ್ಕಟೆ ಹೊರ್ತೀನಿ.”

ಅಂಗಡಿಯವನು ಅವರ ಕುಂಟುವ ಕಾಲನ್ನೊಮ್ಮೆ ನೋಡುತ್ತಾನೆ. “ಒಂದು ವಾರ ಹೊರು, ಸಾಕು. ತಿಂಗಳು ನಿನ್ನ ಮುಖ ನೋಡೋ ಶಕ್ತಿ ನಂಗಿಲ್ಲ.”

ರಘದ್ ಚಿಕ್ಕ ಕಾರ್ಡ್ ಹಿಡಿದು ಓಡುತ್ತಾಳೆ. ಶುಕ್ರ, ಶನಿ ಯಾವ ಸುದ್ದಿಯೂ ಇಲ್ಲ.

ಭಾನುವಾರ ಹನ್ನೊಂದಕ್ಕೆ ನಾನು ಮತ್ತೆ ಬೀದಿಗೆ ಹೋಗುತ್ತೇನೆ. ಹಾತಿಫ್ ಪುಕ್ಕಟೆ ಪೆಟ್ಟಿಗೆ ಹೊರುತ್ತಲೇ ತಿರುವಿನ ಕಡೆ ಕತ್ತು ಚಾಚುತ್ತಿದ್ದಾರೆ. ಗಾಡಿಯ ಪಕ್ಕದಲ್ಲಿ ದಪ್ಪ ಮೀಸೆಯ ಗಿರಾಕಿಯೊಬ್ಬ ನಿಂತಿದ್ದಾನೆ. ಅವನ ಉತ್ತರ ಆಗಲೇ ಬಂದಿದೆ: “ಎಂಟು ಆಂಪ್ಸ್.”

ಹಾತಿಫ್ ಎರಡನೆಯ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಸಲ್ವಾನ್ ಪ್ರತ್ಯಕ್ಷ, ಕೈಯಲ್ಲಿ ಖರ್ಜೂರದ ಹೂರಣವಿಟ್ಟ ಕ್ಲೇಚಾ ಬಿಸ್ಕತ್ತು ತುಂಬಿದ ತಟ್ಟೆ. ನಾಲ್ಕು ಹೆಜ್ಜೆ ದೂರದಲ್ಲೇ ನಿಂತು, ಇಡೀ ಬೀದಿಗೆ ಕೇಳುವಂತೆ ಕೂಗುತ್ತಾರೆ:

“ಹಾತಿಫ್! ಮಗಳು ಒಪ್ಪಿಸಿದ್ಲು! ಒಂದು ಸಲಾನೂ ಸ್ವಿಚ್ ಬೀಳಲಿಲ್ಲ. ನಮ್ಮನೇಲಿ ನಾಲ್ಕೇ ಆಂಪ್ಸ್, ಕೇಳಿಸ್ತೇನ್ರಯ್ಯಾ? ನಾಲ್ಕು!”

ಬೀದಿ ಬಿದ್ದು ಬಿದ್ದು ನಗುತ್ತದೆ. ಹಾತಿಫರ ಕಣ್ಣುಗಳು ತುಂಬುತ್ತವೆ, ಬಾಯಿ ಕ್ಲೇಚಾದಿಂದ ತುಂಬುತ್ತದೆ. “ಆಂಪ್ಸ್ ಕೇಳ್ದೇನೇ ಒಂದು ಕಾರ್ಡ್ ಆರಿಸೋ ದಿನ ಬರ್ಲಿ, ಅದೊಂದೇ ಆಸೆ” ಎಂದು ನನಗೆ ಹೇಳುತ್ತಾರೆ. “ಅಲ್ಲೀತನಕ ನಾನಿದೀನಲ್ಲ.”

ನಗು ಇಳಿದ ಮೇಲೆ ಮೀಸೆಯ ಗಿರಾಕಿ ಮೆಲ್ಲನೆ ಅವರ ತೋಳು ಮುಟ್ಟುತ್ತಾನೆ.

“ಹಾಜಿ, ನಮ್ಮದು... ಮೂರು.”

ಹಾತಿಫ್ ಗಾಡಿಯ ಹಿಡಿಕೆ ಎತ್ತುತ್ತಾರೆ.

“ಮೂರಕ್ಕೂ ಇದೆ ಕಣ್ಣೇ. ಬಾ.”