ಎದುರುಮನೆ ಆಂಟಿಯ ರಕ್ಷಣೆ

೧೯೮೮ರಲ್ಲಿ, ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟು ಮದುವೆ ಅಡುಗೆಯವರ ಜೊತೆ ಹೊರಟವನು ನಾನು. ದೊಡ್ಡ ವಿಷಯ ಬರೆದು ಅಭ್ಯಾಸವಿಲ್ಲ. ಆದರೆ ಮೊನ್ನೆ ಮಾಲ್‌ನಲ್ಲಿ ಲ್ಯಾವೆಂಡರ್ ವಾಸನೆಯ ಮೇಣದಬತ್ತಿಯೊಂದರ ಮೇಲೆ ‘ಸಾಲ್ವೇಷನ್’, ಅಂದರೆ ಪಾಪದಿಂದ ರಕ್ಷಣೆ, ಎಂದು ಹೆಸರು ಹಾಕಿದ್ದನ್ನು ಕಂಡು ಮೈ ಉರಿಯಿತು. ಹಚ್ಚಿಟ್ಟರೆ ದಣಿವು ಹೋಗುತ್ತದಂತೆ. ಆ ಒಂದು ಮಾತಿಗಾಗಿ ಒಬ್ಬ ಹೆಂಗಸು ಸಾಯುವ ಮುಂಚೆ ಎಷ್ಟು ಒದ್ದಾಡಿದ್ದರು...

ಅಡುಗೆ ಕೆಲಸ ಹಿಡಿದು ನಾನು ಬಂದು ನೆಲೆಸಿದ ಅಮೆರಿಕದ ಹಿಕ್ಸ್‌ವಿಲ್‌ನಲ್ಲಿ ನಮ್ಮ ಎದುರುಮನೆಯ ಆಂಟಿ ಅವರು. ಮೈಸೂರಿನ ಕ್ರೈಸ್ತರು, ನರ್ಸ್ ಆಗಿ ದುಡಿದವರು. ಕೇಟರಿಂಗ್ ಮುಗಿಸಿ ಬರುವಾಗ ನಾನು ಸಾರು ಕೊಟ್ಟು ಹೋಗುತ್ತಿದ್ದೆ. “ಭಟ್ಟ, ಇವತ್ತೂ ಉಪ್ಪು ಸುರಿದಿದ್ದೀಯ. ನಿನ್ನನ್ನ ದೇವರೇ ಕಾಪಾಡ್ಬೇಕು,” ಎನ್ನುತ್ತಿದ್ದರು. ನನಗೆ ಯಾರೂ ಕಾಪಾಡೋದು ಬೇಡ ಆಂಟಿ, ದುಡಿದು ಮೇಲೆ ಬಂದೋನು ನಾನು ಎಂದರೆ, “ಬಾವಿಗೆ ಬಿದ್ದೋನು ತನ್ನ ಜುಟ್ಟು ತಾನೇ ಹಿಡ್ಕೊಂಡು ಮೇಲೆ ಬರ್ತಾನೇನೋ?” ಎಂದು ನಗುತ್ತಿದ್ದರು, ನನಗಾಗಿ ಒಂದು ಪ್ರಾರ್ಥನೆಯನ್ನೂ ಮಾಡುತ್ತಿದ್ದರು.

ಕಾಯಿಲೆ ಜೋರಾದಾಗ ನಗು ನಿಂತಿತು. ಬೇರೆ ಜಾತಿಯವನನ್ನು ಮದುವೆಯಾದ ತಂಗಿ ಒಮ್ಮೆ ಬಾಗಿಲು ತಟ್ಟಿದಾಗ ಆಂಟಿ ಒಳಗಿದ್ದೂ ತೆಗೆದಿರಲಿಲ್ಲ. ಆಮೇಲೆ ಆ ತಂಗಿ ತೀರಿಕೊಂಡಳು. ಆ ಪಾಪಕ್ಕೆ ಕ್ಷಮೆ ಬೇಡದೆ ಹೋಗುವುದು ಹೇಗೆ ಎಂಬ ಭಯ ಅವರಿಗೆ. ಮಗ ತನ್ನ ಚರ್ಚಿನ ಪಾಸ್ಟರನ್ನು ಕರೆತಂದ. ನಾನೂ ಅಲ್ಲೇ ಇದ್ದೆ. ಆಂಟಿ ಪಾಪ ಎಂದು ಬಾಯಿ ತೆರೆದರೆ ಆ ಹುಡುಗ ಪಾಸ್ಟರ್ ತಡೆದ: ನೀವು ಒಳ್ಳೆಯವರು, ನಿಮ್ಮನ್ನು ನೀವೇ ಕ್ಷಮಿಸಿಕೊಳ್ಳಿ, ಸಾಲ್ವೇಷನ್ ಅಂದರೆ ಅಷ್ಟೇ. “ಹೌದಮ್ಮ, ಪಾಸಿಟಿವ್ ಆಗಿರು,” ಎಂದ ಮಗ.

ಇಬ್ಬರೂ ಕೆಳಗೆ ಕಾಫಿಗೆ ಹೋದ ಮೇಲೆ ಆಂಟಿ ಕೇಳಿದರು: “ನನ್ನನ್ನ ನಾನೇ ಕ್ಷಮಿಸ್ಕೊಳ್ಳೋದಾದ್ರೆ ಅವನು ಶಿಲುಬೆ ಹತ್ತಿದ್ದು ಯಾಕೋ?”

ನನ್ನ ದೇವರು ಬೇರೆ. ಆದರೆ ಹಸಿದು ಬಂದವರಿಗೆ, ನಿನಗೆ ಹಸಿವೇ ಇಲ್ಲ ಎಂದು ಎಲೆ ಎತ್ತುವುದು ಯಾವ ನ್ಯಾಯ?

“ನಾನೇ ಪ್ರಾರ್ಥನೆ ಮಾಡ್ತೀನಿ. ಕೊನೆಗೆ ಆಮೆನ್ ಅನ್ನೋಕೆ ಒಬ್ಬರು ಬೇಕು, ಕೂತ್ಕೋ,” ಎಂದರು. ಕನ್ನಡದಲ್ಲೇ, ತಂಗಿಯ ಹೆಸರು ಹೇಳಿ, ಬಿಕ್ಕುತ್ತಾ ಬೇಡಿಕೊಂಡರು. ಮುಗಿದಾಗ ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಮದುವೆಮನೆಯ ಮಾತು: ತಥಾಸ್ತು.

ಆಂಟಿ ಕಣ್ಣೊರೆಸಿಕೊಂಡರು. “ನಡೆಯತ್ತೆ ಬಿಡೋ ಭಟ್ಟ. ಅವನಿಗೆ ಅರ್ಥವಾಗತ್ತೆ.” ಅವತ್ತು ಸ್ವಲ್ಪ ಸಾರೂ ಕುಡಿದರು.

ಆ ವಾರವೇ ಹೋಗಿಬಿಟ್ಟರು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಬಲೂನು ಕಟ್ಟಿದ್ದರು. ಆಂಟಿ ಎಷ್ಟು ಸ್ಟ್ರಾಂಗ್, ಎಷ್ಟು ಪಾಸಿಟಿವ್ ಎಂದು ಮೈಕಿನಲ್ಲಿ ಹೊಗಳಿದರು. ಅವರು ಅಷ್ಟು ಅತ್ತು ಬೇಡಿದ ಕ್ಷಮೆಯ ಸುದ್ದಿಯೇ ಇಲ್ಲ. ಊಟಕ್ಕೆ ನಿಲ್ಲದೆ ಎದ್ದು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ...

ಈಗ ನನಗೆ ಒಂದು ಸ್ವಂತ ಮನೆ ಇದೆ, ಎರಡು ವ್ಯಾನ್ ಇವೆ, ಆರು ಜನ ಕೆಲಸದವರಿದ್ದಾರೆ. ನನಗೆ ಬೈದು, ನನಗಾಗಿಯೇ ಪ್ರಾರ್ಥಿಸುವವರು ಒಬ್ಬರೂ ಇಲ್ಲ.